ಒಂದೇ ಬೆಲೆ, ಒಂದೇ ಮುಖ: ಎರಡು ಆಂಡ್ರಾಯ್ಡ್ ಫೋನುಗಳ ನಡುವೆ ಆಯ್ಕೆ ಹೇಗೆ?

ಕಲಬುರಗಿ: ತೊಗರಿ ರಾಶಿ ಮುಗಿದು, ಮಾಲು ಮಾರಾಟವಾಗಿ ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಮೊಬೈಲ್ ಅಂಗಡಿಗಳಿಗೆ ಹಳ್ಳಿಗಳಿಂದ ಬರುವವರ ಸಂಖ್ಯೆ ಏರುತ್ತದೆ. ಆಳಂದ ತಾಲ್ಲೂಕಿನ ಮಟಕಿಯಂತಹ ಊರಿನಿಂದ ಹೊರಟ ತಂದೆ ಮತ್ತು ಕಾಲೇಜು ಓದುವ ಮಗಳು ಅಂಗಡಿಯ ಗಾಜಿನ ಕಟ್ಟೆಯ ಮುಂದೆ ನಿಂತಾಗ ಎದುರಾಗುವುದು ಹತ್ತಾರು ಫೋನುಗಳಲ್ಲ, ಕೊನೆಗೆ ಉಳಿಯುವ ಎರಡೇ ಎರಡು ಪೆಟ್ಟಿಗೆಗಳು. ಎರಡರ ಬೆಲೆಯಲ್ಲೂ ಐನೂರು ರೂಪಾಯಿಯ ವ್ಯತ್ಯಾಸ. ಎರಡರಲ್ಲೂ 50 ಮೆಗಾಪಿಕ್ಸೆಲ್ ಕ್ಯಾಮೆರಾ, 128 ಜಿಬಿ ಸಂಗ್ರಹ, 5ಜಿ ಎಂಬ ದೊಡ್ಡ ಅಕ್ಷರ. 'ಎರಡೂ ಒಂದೇ ಅವರೀ ಕಾಕಾ, ಯಾವುದು ಒಯ್ದ್ರೂ ನಡಿತದ' ಎಂಬುದು ಇಂತಹ ಹೊತ್ತಿನಲ್ಲಿ ಅಂಗಡಿಯ ಹುಡುಗನಿಂದ ಬರುವ ಸಿದ್ಧ ಉತ್ತರ.

ಆದರೆ ಯಾವುದು ಒಯ್ದರೂ ನಡೆಯುವುದಿಲ್ಲ. ನಗರದ ಉದ್ಯೋಗಿಗೆ ಫೋನು ಕೈಕೊಟ್ಟರೆ ಮನೆಯಲ್ಲಿ ಕಂಪ್ಯೂಟರ್ ಇರುತ್ತದೆ, ಕಚೇರಿಯಲ್ಲಿ ಮತ್ತೊಂದು ಇರುತ್ತದೆ. ಹಳ್ಳಿಯ ಮನೆಯಲ್ಲಿ ಆ ಒಂದು ಫೋನೇ ಬ್ಯಾಂಕು, ಅದೇ ಪುಸ್ತಕ, ಅದೇ ರೈತ ಸಂಪರ್ಕ ಕೇಂದ್ರದ ಕಿಟಕಿ. ಹನ್ನೆರಡರಿಂದ ಹದಿನೈದು ಸಾವಿರ ರೂಪಾಯಿ ಕೊಟ್ಟು ತಂದ ಯಂತ್ರ ಕನಿಷ್ಠ ಮೂರ್ನಾಲ್ಕು ವರ್ಷ ದುಡಿಯಬೇಕು. ಆದ್ದರಿಂದ ಒಂದರಂತೆಯೇ ಒಂದು ಕಾಣುವ ಫೋನುಗಳ ನಡುವಿನ ಸಣ್ಣ ವ್ಯತ್ಯಾಸಗಳನ್ನು ಅರಿಯುವುದು ಅನಿವಾರ್ಯ.

ಹೋಲಿಕೆ ಏಕೆ ಇಷ್ಟು?

ಭಾರತಕ್ಕೆ ಆಂಡ್ರಾಯ್ಡ್ ಕಾಲಿಟ್ಟದ್ದು 2009ರಲ್ಲಿ, ಎಚ್‌ಟಿಸಿ ಮ್ಯಾಜಿಕ್ ಎಂಬ ಫೋನಿನ ಮೂಲಕ. ಅಂದು ಅದು ಉಳ್ಳವರ ವಸ್ತುವಾಗಿತ್ತು. ಸಾಮಾನ್ಯರ ಕೈಗೆ ಅದನ್ನು ತಲುಪಿಸುವ ದೊಡ್ಡ ಪ್ರಯತ್ನ ನಡೆದದ್ದು 2014ರ ಸೆಪ್ಟೆಂಬರ್ 15ರಂದು. ಗೂಗಲ್ ಸಂಸ್ಥೆ ಅಂದು 'ಆಂಡ್ರಾಯ್ಡ್ ಒನ್' ಯೋಜನೆಯನ್ನು ಜಗತ್ತಿನಲ್ಲೇ ಮೊದಲ ಬಾರಿಗೆ ಭಾರತದಲ್ಲಿ ಪ್ರಕಟಿಸಿತು. ಮೈಕ್ರೋಮ್ಯಾಕ್ಸ್‌ನ ಕ್ಯಾನ್ವಾಸ್ ಎ1, ಕಾರ್ಬನ್‌ನ ಸ್ಪಾರ್ಕಲ್ ವಿ ಮತ್ತು ಸ್ಪೈಸ್‌ನ ಡ್ರೀಮ್ ಯುನೋ ಎಂಬ ಮೂರು ಫೋನುಗಳು ಒಂದೇ ದಿನ ಹೊರಬಂದವು. ಆರಂಭಿಕ ಬೆಲೆ ರೂ. 6,399.

ಈ ಮೂರೂ ಫೋನುಗಳ ಒಡಲು ಒಂದೇ ಆಗಿತ್ತು. ಮೂರರಲ್ಲೂ ಮೀಡಿಯಾಟೆಕ್‌ನ ಒಂದೇ ಸಂಸ್ಕಾರಕ, 4.5 ಇಂಚಿನ ಪರದೆ, 1 ಜಿಬಿ ರ‍್ಯಾಮ್, 4 ಜಿಬಿ ಸಂಗ್ರಹ, ಹಿಂದೆ 5 ಮೆಗಾಪಿಕ್ಸೆಲ್ ಮತ್ತು ಮುಂದೆ 2 ಮೆಗಾಪಿಕ್ಸೆಲ್ ಕ್ಯಾಮೆರಾ, ಎರಡು ಸಿಮ್. ತಂತ್ರಾಂಶವನ್ನು ಗೂಗಲ್ಲೇ ನಿರ್ಧರಿಸಿತ್ತು. ಗ್ರಾಹಕನಿಗೆ ಆಯ್ದುಕೊಳ್ಳಲು ಉಳಿದದ್ದು ಹಿಂಬದಿಯ ಹೊದಿಕೆ, ಹೆಸರು ಮತ್ತು ರಿಪೇರಿ ಕೇಂದ್ರ ಮಾತ್ರ. ಆ ಮೂರು ಹೆಸರುಗಳೂ ಇಂದು ಮಾರುಕಟ್ಟೆಯ ಮುಂಚೂಣಿಯಲ್ಲಿಲ್ಲ. ಒಡಲು ಒಂದೇ ಆದಾಗ ಕಂಪೆನಿಯ ಬಾಳಿಕೆ ಹಾಗೂ ಮಾರಾಟದ ನಂತರದ ಸೇವೆಯೇ ನಿರ್ಣಾಯಕ ಎಂಬ ಪಾಠವನ್ನು ಆ ಮೂರು ಫೋನುಗಳು ಬಿಟ್ಟುಹೋದವು.

ಇಂದಿನ ಹೋಲಿಕೆಗೆ ಕಾರಣ ಬೇರೆ. ಅಗ್ಗದ ಹಾಗೂ ಮಧ್ಯಮ ಬೆಲೆಯ ಫೋನುಗಳಿಗೆ ಚಿಪ್ ಒದಗಿಸುವ ಸಂಸ್ಥೆಗಳು ಬೆರಳೆಣಿಕೆಯಷ್ಟು. ಕ್ವಾಲ್ಕಾಮ್, ಮೀಡಿಯಾಟೆಕ್, ಯುನಿಸಾಕ್ ಮುಖ್ಯವಾದವು. ಪರದೆ, ಬ್ಯಾಟರಿ, ಕ್ಯಾಮೆರಾ ಬಿಲ್ಲೆಗಳನ್ನು ಮಾಡುವವರೂ ಕೆಲವರೇ. ಜೊತೆಗೆ ಒಂದೇ ಮನೆತನದ ಎರಡು ಹೆಸರುಗಳು ಒಂದೇ ಫೋನನ್ನು ಬೇರೆ ಬೇರೆ ಅಂಗಿ ತೊಡಿಸಿ ಮಾರುವುದೂ ಉಂಟು. 2023ರ ಆಗಸ್ಟ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಬಂದ ರೆಡ್ಮಿ 12 5ಜಿ ಹಾಗೂ ಪೋಕೋ ಎಂ6 ಪ್ರೊ 5ಜಿ ಇದಕ್ಕೆ ಉದಾಹರಣೆ. ಎರಡರಲ್ಲೂ ಸ್ನ್ಯಾಪ್‌ಡ್ರ್ಯಾಗನ್ 4 ಜೆನ್ 2 ಚಿಪ್, 6.79 ಇಂಚಿನ ಪರದೆ, 5000 ಎಂಎಎಚ್ ಬ್ಯಾಟರಿ. 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಂದ ವಿವೋ ಟಿ3ಎಕ್ಸ್ ಮತ್ತು ಐಕ್ಯೂ ಝಡ್9ಎಕ್ಸ್‌ಗಳದ್ದೂ ಇದೇ ಕತೆ: ಒಂದೇ ಚಿಪ್, ಎರಡರಲ್ಲೂ 6000 ಎಂಎಎಚ್ ಬ್ಯಾಟರಿ, 44 ವಾಟ್ ಚಾರ್ಜಿಂಗ್.

ಇಂತಹ ಅವಳಿಗಳ ನಡುವೆ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅಂದು ಯಾವುದು ಕಡಿಮೆ ಬೆಲೆಗೆ ಸಿಗುತ್ತದೆಯೋ, ಯಾವುದರ ಸೇವಾ ಕೇಂದ್ರ ಹತ್ತಿರದಲ್ಲಿದೆಯೋ ಅದು ಉತ್ತಮ. ಎಚ್ಚರ ಬೇಕಾದುದು ಅವಳಿಗಳಂತೆ ಕಂಡರೂ ಅವಳಿಗಳಲ್ಲದ ಫೋನುಗಳ ವಿಷಯದಲ್ಲಿ.

ಪೆಟ್ಟಿಗೆಯ ಮೇಲೆ ಬರೆಯದ ಸಂಗತಿಗಳು

ಮೊದಲನೆಯದು ಸಂಗ್ರಹದ ಬಗೆ. '128 ಜಿಬಿ' ಎಂದು ಎರಡೂ ಪೆಟ್ಟಿಗೆಗಳ ಮೇಲೆ ಮುದ್ರಿತವಾಗಿರುತ್ತದೆ. ಒಂದರಲ್ಲಿರುವುದು ಇಎಂಎಂಸಿ ಎಂಬ ಹಳೆಯ ಬಗೆ, ಇನ್ನೊಂದರಲ್ಲಿ ಯುಎಫ್‌ಎಸ್ ಎಂಬ ಹೊಸ ಬಗೆ ಇರಬಹುದು. ಇಎಂಎಂಸಿ 5.1ರ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 400 ಎಂಬಿ, ಯುಎಫ್‌ಎಸ್ 2.2ರದ್ದು ಅದರ ಮೂರು ಪಟ್ಟಿಗೆ ಹತ್ತಿರ. ಹೊಸತರಲ್ಲಿ ಎರಡೂ ಚುರುಕಾಗಿಯೇ ಕಾಣುತ್ತವೆ. ವರ್ಷ ಕಳೆದು ವಾಟ್ಸ್‌ಆ್ಯಪ್ ಚಿತ್ರಗಳು, ವಿಡಿಯೋಗಳು ತುಂಬಿಕೊಂಡಾಗ ಇಎಂಎಂಸಿ ಫೋನು ಏದುಸಿರು ಬಿಡಲಾರಂಭಿಸುತ್ತದೆ. ಫೋನು ನಿಧಾನವಾಯಿತು ಎಂಬ ದೂರಿನ ಮೂಲ ಅನೇಕ ವೇಳೆ ಇಲ್ಲಿರುತ್ತದೆ. ಈ ವಿವರ ಕಂಪೆನಿಯ ಜಾಲತಾಣದ ತಾಂತ್ರಿಕ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

ಎರಡನೆಯದು ರ‍್ಯಾಮ್. '8 ಜಿಬಿ' ಎಂದು ದೊಡ್ಡದಾಗಿ ಬರೆದು, ಕೆಳಗೆ ಸಣ್ಣ ಅಕ್ಷರಗಳಲ್ಲಿ '4+4' ಎಂದಿದ್ದರೆ ಅದರರ್ಥ ನಿಜವಾದ ರ‍್ಯಾಮ್ 4 ಜಿಬಿ ಮಾತ್ರ. ಉಳಿದ ನಾಲ್ಕು ಜಿಬಿ ಸಂಗ್ರಹದಿಂದ ಎರವಲು ಪಡೆದದ್ದು. ಸಂಗ್ರಹದ ವೇಗ ರ‍್ಯಾಮ್‌ನ ವೇಗಕ್ಕೆ ಎಂದಿಗೂ ಸಾಟಿಯಲ್ಲ. ಆದ್ದರಿಂದ ನಿಜವಾದ 6 ಜಿಬಿ ರ‍್ಯಾಮ್ ಇರುವ ಫೋನು '4+4' ಫೋನಿಗಿಂತ ಮೇಲು.

ಮೂರನೆಯದು ಕ್ಯಾಮೆರಾ. 50 ಮೆಗಾಪಿಕ್ಸೆಲ್ ಎಂಬ ಸಂಖ್ಯೆಗೆ ಮರುಳಾಗಬೇಕಿಲ್ಲ. ಇಂತಹ ಬಹುತೇಕ ಕ್ಯಾಮೆರಾಗಳು ನಾಲ್ಕು ಬಿಂದುಗಳನ್ನು ಒಂದಾಗಿಸಿ ಸುಮಾರು 12.5 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. ಪಕ್ಕದಲ್ಲಿರುವ 2 ಮೆಗಾಪಿಕ್ಸೆಲ್‌ನ ಎರಡನೇ ಕಣ್ಣು ಹೆಚ್ಚಾಗಿ ಲೆಕ್ಕ ತುಂಬಲು ಇಟ್ಟದ್ದು. ಅಂಗಡಿಯಲ್ಲೇ ಎರಡೂ ಫೋನುಗಳಿಂದ ಒಂದೇ ಆಧಾರ್ ಕಾರ್ಡಿನ ಅಥವಾ ಪಹಣಿಯ ಚಿತ್ರ ತೆಗೆದು, ಹಿಗ್ಗಿಸಿ, ಅಕ್ಷರಗಳು ಸ್ಪಷ್ಟವೇ ಎಂದು ನೋಡುವುದು ಯಾವ ಜಾಹೀರಾತಿಗಿಂತಲೂ ಹೆಚ್ಚು ತಿಳಿಸುತ್ತದೆ. ನೋಡಿದ ಮೇಲೆ ಆ ಚಿತ್ರವನ್ನು ಅಳಿಸಿಬಿಡುವುದನ್ನು ಮರೆಯಬಾರದು.

ನಾಲ್ಕನೆಯದು ಪರದೆ. ಕಲಬುರಗಿ ಜಿಲ್ಲೆಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆ ಬಿಸಿಲಿನಲ್ಲಿ ಮಂಕು ಪರದೆಯ ಫೋನು ಕನ್ನಡಿಯಂತೆ ತನ್ನ ಮುಖವನ್ನೇ ತೋರಿಸುತ್ತದೆ. ಅಂಗಡಿಯ ದೀಪದ ಕೆಳಗೆ ಎರಡೂ ಪರದೆಗಳು ಹೊಳೆಯುತ್ತವೆ. ಬಾಗಿಲ ಹೊರಗೆ ಬಿಸಿಲಿಗೆ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಪರದೆಯ ಬೆಳಕನ್ನು ಅಳೆಯುವ 'ನಿಟ್' ಸಂಖ್ಯೆ ಹೆಚ್ಚಿದ್ದಷ್ಟೂ ಹೊಲದಲ್ಲಿ ಅನುಕೂಲ.

ಐದನೆಯದು ದೂಳು. ಐಪಿ54, ಐಪಿ64 ಎಂಬ ಗುರುತುಗಳ ಮೊದಲ ಅಂಕಿ ದೂಳಿನ ತಡೆಯನ್ನೂ ಎರಡನೆಯ ಅಂಕಿ ನೀರಿನ ತಡೆಯನ್ನೂ ಹೇಳುತ್ತದೆ. 5 ಎಂದರೆ ಹಾನಿಯಾಗುವಷ್ಟು ದೂಳು ಒಳಸೇರದು, 6 ಎಂದರೆ ದೂಳು ಸೇರುವುದೇ ಇಲ್ಲ. ನೀರಿನ 4 ಎಂಬ ಅಂಕಿ ಸಿಡಿಯುವ ಹನಿಗಳಿಂದ ರಕ್ಷಣೆ ನೀಡುತ್ತದೆಯೇ ಹೊರತು ಬಾವಿಗೆ ಬಿದ್ದರೆ ಕಾಯುವುದಿಲ್ಲ. ರಾಶಿಯ ಯಂತ್ರದ ಪಕ್ಕ ನಿಲ್ಲುವವರ ಜೇಬಿನ ಫೋನಿಗೆ ಈ ಎರಡು ಅಂಕಿಗಳು ಮುಖ್ಯ.

ಗಡಿಯೂರಿನ ಸಿಗ್ನಲ್

ಫೋನು ಎಷ್ಟೇ ಉತ್ತಮವಾಗಿದ್ದರೂ ಊರಿನ ಗೋಪುರದೊಂದಿಗೆ ಅದು ಮಾತನಾಡದಿದ್ದರೆ ಪ್ರಯೋಜನವಿಲ್ಲ. ಪ್ರತಿ ಕಂಪೆನಿ ನಿರ್ದಿಷ್ಟ ತರಂಗಾಂತರಗಳಲ್ಲಿ ಸೇವೆ ಒದಗಿಸುತ್ತದೆ. ಭಾರತದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಆರಂಭವಾಯಿತು. 3300 ಮೆಗಾಹರ್ಟ್ಸ್ ಆಸುಪಾಸಿನ ಎನ್78 ಪಟ್ಟಿಯನ್ನು ಬಹುತೇಕ ಎಲ್ಲ 5ಜಿ ಫೋನುಗಳೂ ಹಿಡಿಯುತ್ತವೆ. ಹಳ್ಳಿಗಾಡಿನಲ್ಲಿ ದೂರ ಸಾಗುವುದು, ಗೋಡೆ ದಾಟುವುದು 700 ಮೆಗಾಹರ್ಟ್ಸ್‌ನ ಎನ್28 ಪಟ್ಟಿ. ಜಿಯೋ ಸಂಸ್ಥೆ ಈ ಪಟ್ಟಿಯನ್ನು 5ಜಿಗೆ ಬಳಸುತ್ತಿದೆ.

ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಅಧಿಕೃತವಾಗಿ ಉದ್ಘಾಟನೆಯಾಯಿತು. ಅದು 700 ಹಾಗೂ 2100 ಮೆಗಾಹರ್ಟ್ಸ್ ಪಟ್ಟಿಗಳನ್ನು ಬಳಸುತ್ತದೆ. ಆದ್ದರಿಂದ ಬಿಎಸ್‌ಎನ್‌ಎಲ್ ಸಿಮ್ ಇರುವವರು ಫೋನಿನ ತಾಂತ್ರಿಕ ಪಟ್ಟಿಯಲ್ಲಿ 4ಜಿಯ ಬಿ28 ಮತ್ತು ಬಿ1 ಎರಡೂ ಇವೆಯೇ ಎಂದು ನೋಡಿಕೊಳ್ಳಬೇಕು. ಒಂದೇ ಮಾದರಿಯ ಎರಡು ಫೋನುಗಳ ಪೈಕಿ ಒಂದರಲ್ಲಿ ಇರುವ ಪಟ್ಟಿ ಇನ್ನೊಂದರಲ್ಲಿ ಇಲ್ಲದಿರುವುದು ಅಪರೂಪವೇನಲ್ಲ.

ಆಳಂದ ತಾಲ್ಲೂಕು ಮಹಾರಾಷ್ಟ್ರಕ್ಕೆ ಅಂಟಿಕೊಂಡಿದೆ. ಗಡಿಭಾಗದಲ್ಲಿ ಫೋನು ಒಮ್ಮೆ ಕರ್ನಾಟಕದ, ಒಮ್ಮೆ ಮಹಾರಾಷ್ಟ್ರದ ಗೋಪುರವನ್ನು ಹುಡುಕುತ್ತ ಹೋದರೆ ಬ್ಯಾಟರಿ ಬೇಗ ಕರಗುತ್ತದೆ. ಇದು ಫೋನಿನ ದೋಷವಲ್ಲ. ಮನೆಯಲ್ಲಿ ಯಾವ ಸಿಮ್ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು ಹಳೆಯ ಫೋನಿನಲ್ಲೇ ನೋಡಿಕೊಂಡು, ಅದನ್ನು ದತ್ತಾಂಶಕ್ಕೆ ನಿಗದಿಪಡಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. 5ಜಿ ಇನ್ನೂ ಸ್ಥಿರವಾಗಿ ಸಿಗದ ಊರಿನಲ್ಲಿ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ನಿಲ್ಲಿಸುವುದೂ ಜಾಣತನ.

ಕನ್ನಡ ಬಂದ ದಾರಿ

ಇಂದು ಫೋನಿನಲ್ಲಿ ಕನ್ನಡ ಕಾಣುವುದು ಸಹಜ ಎನಿಸುತ್ತದೆ. ಒಂದು ಕಾಲಕ್ಕೆ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಜಾಲತಾಣ ತೆರೆದರೆ ಸಾಲು ಸಾಲು ಚೌಕಗಳು ಕಾಣುತ್ತಿದ್ದವು. ಒತ್ತಕ್ಷರಗಳು ಸ್ಥಾನ ಬಿಟ್ಟು ಅಲೆಯುತ್ತಿದ್ದವು. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿ ಕನ್ನಡ, ತೆಲುಗು ಮತ್ತು ಮಲಯಾಳಂ ಪಠ್ಯಕ್ಕೆ ಬೆಂಬಲ ಸೇರಿಸಿತು. 2014ರ ಕೊನೆಯಲ್ಲಿ ಬಂದ 5.0 ಆವೃತ್ತಿಯಿಂದ ಫೋನಿನ ಸೂಚನೆಗಳು, ಪಟ್ಟಿಗಳು ಕನ್ನಡದಲ್ಲೇ ಕಾಣುವ ಸೌಲಭ್ಯ ದೊರೆಯಿತು. 2017ರ ಆಗಸ್ಟ್‌ನಲ್ಲಿ ಗೂಗಲ್‌ನ ಧ್ವನಿ ಬೆರಳಚ್ಚಿಗೆ ಕನ್ನಡ ಸೇರಿತು.

ಮಟಕಿಯಂತಹ ಗಡಿಯೂರಿನ ಮನೆಗಳಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ಹಿಂದಿಯೂ ಓಡಾಡುತ್ತವೆ. ಇಂತಹ ಮನೆಗೆ ಒಂದೇ ಕೀಲಿಮಣೆಯಲ್ಲಿ ಮೂರ್ನಾಲ್ಕು ಭಾಷೆ ಬದಲಾಯಿಸಿಕೊಳ್ಳುವ ಅನುಕೂಲ ಮುಖ್ಯ. ಗೂಗಲ್‌ನ ಜಿಬೋರ್ಡ್‌ನಲ್ಲಿ ಇದು ಸಾಧ್ಯ. ಅದನ್ನು ಯಾವ ಕಂಪೆನಿಯ ಆಂಡ್ರಾಯ್ಡ್ ಫೋನಿಗೂ ಅಳವಡಿಸಿಕೊಳ್ಳಬಹುದು. ಆದ್ದರಿಂದ ಕೀಲಿಮಣೆಯ ವಿಚಾರದಲ್ಲಿ ಎರಡು ಫೋನುಗಳ ನಡುವೆ ಭೇದ ಎಣಿಸಬೇಕಿಲ್ಲ. ಭೇದ ಇರುವುದು ಕಂಪೆನಿಯ ಸ್ವಂತ ಮೆನುಗಳ ಅನುವಾದದಲ್ಲಿ. ಕೆಲವು ಫೋನುಗಳಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕಾಣುತ್ತದೆ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಫೋನಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ ನೋಡಲು ಎರಡು ನಿಮಿಷ ಸಾಕು. ಮನೆಯ ಹಿರಿಯರು ಬಳಸುವ ಫೋನಾದರೆ ಈ ಎರಡು ನಿಮಿಷ ಕ್ಯಾಮೆರಾಕ್ಕಿಂತ ಬೆಲೆಯುಳ್ಳದ್ದು.

ಧ್ವನಿ ಬೆರಳಚ್ಚಿಗೆ ಸಂಬಂಧಿಸಿ ಒಂದು ಮಾತು. ಅದು ಪುಸ್ತಕದ ಕನ್ನಡವನ್ನು ಚೆನ್ನಾಗಿ ಹಿಡಿಯುತ್ತದೆ. ಕಲಬುರಗಿ ಸೀಮೆಯ ಆಡುಮಾತಿಗೆ ಆಗಾಗ ತಡವರಿಸುತ್ತದೆ. ಇದೂ ಫೋನಿನ ದೋಷವಲ್ಲ, ಎರಡೂ ಫೋನುಗಳಲ್ಲಿ ಫಲಿತಾಂಶ ಒಂದೇ.

ಹೊಲದಲ್ಲಿ ನಿಜವಾದ ಪರೀಕ್ಷೆ

ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅದನ್ನು ಬೆಳೆಯುವ ರೈತನಿಗೆ ಫೋನು ಈಗ ಕೃಷಿ ಉಪಕರಣವೇ ಆಗಿದೆ. ರಾಜ್ಯ ಸರ್ಕಾರ 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ವಿವರ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ಜಾರಿಗೆ ತಂದಿತು. ರೈತ ತನ್ನ ಸರ್ವೆ ನಂಬರಿನ ಹೊಲದಲ್ಲಿ ನಿಂತು, ಬೆಳೆಯ ಹೆಸರು ಆರಿಸಿ, ಚಿತ್ರ ತೆಗೆದು ಕಳುಹಿಸಬೇಕು. ಫೋನಿನ ಜಿಪಿಎಸ್ ಆ ಜಾಗವನ್ನು ಗುರುತಿಸುತ್ತದೆ. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲಕ್ಕೂ ಈ ಸಮೀಕ್ಷೆಯ ಮಾಹಿತಿ ಆಧಾರ. ಹೊಲದಲ್ಲಿ ತೊಗರಿ ಇದ್ದು ದಾಖಲೆಯಲ್ಲಿ ಬೇರೆ ಬೆಳೆ ಬಂದರೆ ವಿಮೆಯ ಹಣಕ್ಕೆ ಕುತ್ತು.

ಇನ್ನೊಂದು ಗಡುವು ಇನ್ನೂ ಬಿಗಿಯಾದದ್ದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ಆಲಿಕಲ್ಲು ಮಳೆ, ಮೇಘಸ್ಫೋಟದಂತಹ ಸ್ಥಳೀಯ ವಿಕೋಪದಿಂದ ಬೆಳೆ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಬೆಳೆ ವಿಮೆ ಆ್ಯಪ್ ಮೂಲಕ ಅಥವಾ 14447 ಸಹಾಯವಾಣಿಗೆ ಕರೆ ಮಾಡಿ ತಿಳಿಸಬಹುದು. 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲಗಳಿಗೆ ನೀರು ನುಗ್ಗಿದ್ದನ್ನು ಜಿಲ್ಲೆ ಮರೆತಿಲ್ಲ. ಅಂತಹ ದಿನಗಳಲ್ಲಿ ಕರೆಂಟ್ ಹೋಗಿ, ಫೋನಿನ ಬ್ಯಾಟರಿ ಸತ್ತು, ಜಿಪಿಎಸ್ ಜಾಗ ಹಿಡಿಯದೆ ಹೋದರೆ ಆಗುವ ನಷ್ಟ ಫೋನಿನ ಬೆಲೆಯನ್ನೂ ಮೀರಬಹುದು.

ಆದ್ದರಿಂದ ರೈತ ಕುಟುಂಬಕ್ಕೆ 5000 ಮತ್ತು 6000 ಎಂಎಎಚ್ ನಡುವಣ ಅಂತರ ಬರಿಯ ಸಂಖ್ಯೆಯಲ್ಲ. ತೆಳುವಾದ, ಹಗುರವಾದ ಫೋನಿಗಿಂತ ದಪ್ಪ ಬ್ಯಾಟರಿಯ ಫೋನು ಇಲ್ಲಿ ಗೆಲ್ಲುತ್ತದೆ. ಜಿಪಿಎಸ್ ಪರೀಕ್ಷೆಯೂ ಸುಲಭ: ಅಂಗಡಿಯ ಹೊರಗೆ ಬಯಲಿನಲ್ಲಿ ನಕಾಶೆಯ ಆ್ಯಪ್ ತೆರೆದಾಗ ನೀಲಿ ಚುಕ್ಕೆ ಎಷ್ಟು ಬೇಗ ನಿಲ್ಲುತ್ತದೆ, ಅದರ ಸುತ್ತಲಿನ ತಿಳಿನೀಲಿ ವೃತ್ತ ಎಷ್ಟು ಕುಗ್ಗುತ್ತದೆ ಎಂದು ನೋಡಬೇಕು. ವೃತ್ತ ಚಿಕ್ಕದಾದಷ್ಟೂ ಗುರುತು ನಿಖರ.

ಆಯುಷ್ಯ ಎಷ್ಟು?

ಫೋನಿನ ಆಯುಷ್ಯವನ್ನು ಇಂದು ನಿರ್ಧರಿಸುವುದು ತಂತ್ರಾಂಶದ ಪರಿಷ್ಕರಣೆ. ಭದ್ರತಾ ಪರಿಷ್ಕರಣೆ ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಚಿಲಕವಿಲ್ಲದ ಮನೆಯಲ್ಲಿ ಹಣ ಇಟ್ಟಂತೆ. 2024ರಲ್ಲಿ ಭಾರತಕ್ಕೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಗೆ ಆ ಸಂಸ್ಥೆ ಆರು ವರ್ಷಗಳ ಪರಿಷ್ಕರಣೆಯ ಭರವಸೆ ನೀಡಿತು. ಮಧ್ಯಮ ಬೆಲೆಯ ಫೋನುಗಳಲ್ಲಿ ಅದು ದೊಡ್ಡ ಹೆಜ್ಜೆ. ಎಲ್ಲ ಕಂಪೆನಿಗಳ ಭರವಸೆ ಇಷ್ಟು ದೀರ್ಘವಲ್ಲ. ಎರಡು ಫೋನುಗಳು ಎಲ್ಲದರಲ್ಲೂ ಸಮವಾಗಿದ್ದಾಗ ಹೆಚ್ಚು ವರ್ಷ ಪರಿಷ್ಕರಣೆ ನೀಡುವ ಫೋನು ನಿಜಕ್ಕೂ ಅಗ್ಗ. ಹದಿನೈದು ಸಾವಿರದ ಫೋನು ಐದು ವರ್ಷ ಬಾಳಿದರೆ ವರ್ಷಕ್ಕೆ ಮೂರು ಸಾವಿರ. ಹನ್ನೆರಡು ಸಾವಿರದ್ದು ಎರಡೇ ವರ್ಷ ಬಾಳಿದರೆ ವರ್ಷಕ್ಕೆ ಆರು ಸಾವಿರ.

ಬಿಡುಗಡೆಯಾದ ದಿನಾಂಕವನ್ನೂ ನೋಡಬೇಕು. ಪರಿಷ್ಕರಣೆಯ ವರ್ಷಗಳನ್ನು ಸಾಮಾನ್ಯವಾಗಿ ಎಣಿಸುವುದು ಫೋನು ಮಾರುಕಟ್ಟೆಗೆ ಬಂದ ದಿನದಿಂದ, ಗ್ರಾಹಕ ಕೊಂಡ ದಿನದಿಂದಲ್ಲ. ಎರಡು ವರ್ಷ ಹಳೆಯ ಮಾದರಿಯನ್ನು ರಿಯಾಯಿತಿಯಲ್ಲಿ ಕೊಂಡರೆ ಎರಡು ವರ್ಷದ ಆಯುಷ್ಯ ಆಗಲೇ ಕಳೆದಿರುತ್ತದೆ.

ರಿಪೇರಿಯೂ ಇದೇ ಲೆಕ್ಕಕ್ಕೆ ಸೇರಿದ್ದು. ಅಧಿಕೃತ ಸೇವಾ ಕೇಂದ್ರ ಕಲಬುರಗಿಯಲ್ಲೇ ಇದ್ದರೆ ಒಂದು ದಿನದ ಬಸ್ ಪ್ರಯಾಣದಲ್ಲಿ ಕೆಲಸ ಮುಗಿಯುತ್ತದೆ. ಸೋಲಾಪುರಕ್ಕೋ ಹೈದರಾಬಾದಿಗೋ ಕಳುಹಿಸಬೇಕಾದರೆ ವಾರಗಳು ಉರುಳುತ್ತವೆ. ಪರದೆ ಒಡೆದರೆ ಬದಲಿ ಪರದೆಯ ಬೆಲೆ ಎಷ್ಟು ಎಂಬ ಪ್ರಶ್ನೆಯನ್ನು ಫೋನು ಕೊಳ್ಳುವ ಮೊದಲೇ ಕೇಳುವುದು ಲೇಸು.

ಹಣ ಕೊಡುವ ಮುನ್ನ

ಮೊಬೈಲ್ ಫೋನಿನ ಮೇಲೆ 2020ರ ಏಪ್ರಿಲ್ 1ರಿಂದ ಶೇ 18ರಷ್ಟು ಜಿಎಸ್‌ಟಿ ಇದೆ. ಪೆಟ್ಟಿಗೆಯ ಮೇಲಿನ ಗರಿಷ್ಠ ಬೆಲೆಯಲ್ಲಿ ಅದು ಸೇರಿರುತ್ತದೆ. 'ಬಿಲ್ ಬೇಡವೆಂದರೆ ಇನ್ನೂರು ಕಡಿಮೆ' ಎಂಬ ಆಮಿಷಕ್ಕೆ ಒಳಗಾದರೆ ವಾರಂಟಿಯ ಆಧಾರವೇ ಕೈಬಿಟ್ಟುಹೋಗುತ್ತದೆ. ಬಿಲ್ಲಿನಲ್ಲಿ ಐಎಂಇಐ ಸಂಖ್ಯೆ ನಮೂದಾಗಿರಬೇಕು. ಫೋನಿನಲ್ಲಿ *#06# ಒತ್ತಿದರೆ ಕಾಣುವ 15 ಅಂಕಿಗಳು, ಪೆಟ್ಟಿಗೆಯ ಮೇಲಿನವು ಹಾಗೂ ಬಿಲ್ಲಿನಲ್ಲಿರುವವು ಒಂದೇ ಆಗಿರಬೇಕು. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ಈ ಸಂಖ್ಯೆಯನ್ನು ಬರೆದು 14422ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ಫೋನು ಅಸಲಿಯೇ ಎಂಬುದು ತಿಳಿಯುತ್ತದೆ. ಹಳೆಯ ಫೋನು ಕೊಳ್ಳುವವರಿಗಂತೂ ಇದು ಕಡ್ಡಾಯ ಎನ್ನಬೇಕು.

ಕಂತಿನ ಮೇಲೆ ಕೊಳ್ಳುವವರು ಬಡ್ಡಿಯಿಲ್ಲ ಎಂಬ ಮಾತಿಗೆ ನಿಲ್ಲದೆ, ಸಂಸ್ಕರಣಾ ಶುಲ್ಕ, ವಿಮೆ ಎಂದು ಸೇರಿಸುವ ಮೊತ್ತ ಎಲ್ಲವನ್ನೂ ಕೂಡಿಸಿ ನೋಡಬೇಕು. ತೊಗರಿಯ ಹಣ ವರ್ಷಕ್ಕೊಮ್ಮೆ ಬರುತ್ತದೆ, ಕಂತು ಪ್ರತಿ ತಿಂಗಳೂ ಬರುತ್ತದೆ ಎಂಬುದು ನೆನಪಿರಲಿ.

ಮೊದಲ ದಿನ, ಮೊದಲ ವಾರ

ಫೋನು ಮನೆಗೆ ಬಂದ ದಿನ ಸಂಭ್ರಮದ ಜೊತೆಗೆ ಸಣ್ಣ ಕಳವಳವೂ ಕಾಣಿಸಿಕೊಳ್ಳುತ್ತದೆ. ಹಿಂಬದಿ ಬಿಸಿಯಾಗುತ್ತದೆ, ಬ್ಯಾಟರಿ ಸಂಜೆಗೇ ಮುಗಿಯುತ್ತದೆ. 'ಆ ಇನ್ನೊಂದನ್ನೇ ತರಬೇಕಿತ್ತೇನೋ' ಎಂಬ ಮಾತು ಮನೆಯಲ್ಲಿ ಏಳುವುದು ಈ ಹೊತ್ತಿನಲ್ಲೇ. ಅವಸರದ ತೀರ್ಮಾನ ಬೇಡ. ಮೊದಲ ಒಂದೆರಡು ದಿನ ಫೋನು ಹಿನ್ನೆಲೆಯಲ್ಲಿ ಹಳೆಯ ಚಿತ್ರಗಳನ್ನು ಇಳಿಸಿಕೊಳ್ಳುತ್ತಿರುತ್ತದೆ, ಆ್ಯಪ್‌ಗಳನ್ನು ಹೊಸದಾಗಿಸುತ್ತಿರುತ್ತದೆ, ತಂತ್ರಾಂಶದ ಪರಿಷ್ಕರಣೆ ತರಿಸಿಕೊಳ್ಳುತ್ತಿರುತ್ತದೆ. 2018ರ ಆಂಡ್ರಾಯ್ಡ್ 9ರಿಂದ ಬಂದ ಹೊಂದಾಣಿಕೆಯ ಬ್ಯಾಟರಿ ವ್ಯವಸ್ಥೆಯು ಯಾವ ಆ್ಯಪ್ ಹೆಚ್ಚು ಬಳಕೆಯಲ್ಲಿದೆ ಎಂಬುದನ್ನು ಕಲಿಯಲು ಕೆಲವು ದಿನ ತೆಗೆದುಕೊಳ್ಳುತ್ತದೆ. ಬ್ಯಾಟರಿಯ ನಿಜ ಬಣ್ಣ ತಿಳಿಯುವುದು ವಾರದ ಕೊನೆಗೆ.

ಆದರೆ ಕೆಲವು ಪರೀಕ್ಷೆಗಳನ್ನು ಮೊದಲ ದಿನವೇ ಮುಗಿಸಬೇಕು. ಎರಡೂ ಸಿಮ್‌ಗಳಿಂದ ಕರೆ ಮಾಡಿ ಧ್ವನಿ ಆಲಿಸಬೇಕು. ಮುಂದಿನ, ಹಿಂದಿನ ಕ್ಯಾಮೆರಾ, ಬೆರಳಚ್ಚಿನ ಬೀಗ, ಸ್ಪೀಕರ್, ಚಾರ್ಜರ್ ತಂತಿ ಎಲ್ಲವನ್ನೂ ನೋಡಬೇಕು. ಬಿಳಿಯ ಹಾಗೂ ಕಪ್ಪು ಚಿತ್ರವನ್ನು ಪರದೆ ತುಂಬ ಇಟ್ಟು, ಸತ್ತ ಚುಕ್ಕೆಗಳಿವೆಯೇ ಎಂದು ಪರೀಕ್ಷಿಸಬೇಕು. ಬದಲಿ ಫೋನು ಕೊಡುವ ಅವಧಿ ಅಂಗಡಿಯಿಂದ ಅಂಗಡಿಗೆ ಬೇರೆ. ಆನ್‌ಲೈನ್ ಮಳಿಗೆಗಳಲ್ಲಿ ಅದು ಹೆಚ್ಚಾಗಿ ವಾರಕ್ಕೆ ಸೀಮಿತ. ದೋಷವನ್ನು ಹತ್ತನೇ ದಿನ ಕಂಡುಹಿಡಿದರೆ ಉಳಿಯುವುದು ರಿಪೇರಿಯ ದಾರಿ ಮಾತ್ರ.

ಅಗ್ಗದ ಫೋನುಗಳಲ್ಲಿ ಕೇಳದೆಯೇ ಬರುವ ಆ್ಯಪ್‌ಗಳು, ಜಾಹೀರಾತುಗಳು ಮೊದಲ ಅನುಭವವನ್ನು ಕೆಡಿಸುತ್ತವೆ. ಆರಂಭದ ಸಿದ್ಧತೆಯ ವೇಳೆ ಎಲ್ಲದಕ್ಕೂ 'ಒಪ್ಪಿಗೆ' ಒತ್ತುತ್ತ ಹೋಗುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಶಿಫಾರಸು, ವೈಯಕ್ತಿಕ ಜಾಹೀರಾತು ಎಂಬಲ್ಲಿ ಒಪ್ಪಿಗೆ ನಿರಾಕರಿಸಿದರೆ ಫೋನಿನ ಮುಖ್ಯ ಕೆಲಸಕ್ಕೆ ಅಡ್ಡಿಯಿಲ್ಲ. ಬೇಡದ ಆಟಗಳು, ಸಾಲ ಕೊಡುವ ಆ್ಯಪ್‌ಗಳನ್ನು ಮೊದಲ ದಿನವೇ ಕಿತ್ತುಹಾಕುವುದು ಕ್ಷೇಮ.

ಹಣ ಪಾವತಿಯ ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ತಾನಾಗಿ ಬರುವುದಿಲ್ಲ. ಬ್ಯಾಂಕಿಗೆ ನೋಂದಾಯಿಸಿದ ಸಿಮ್ ಅದೇ ಫೋನಿನಲ್ಲಿದ್ದು, ಅದರಿಂದ ಎಸ್‌ಎಂಎಸ್ ಹೋದ ಮೇಲೆಯೇ ಖಾತೆ ಜೋಡಣೆಯಾಗುತ್ತದೆ. ಸಿಮ್‌ನಲ್ಲಿ ಎಸ್‌ಎಂಎಸ್ ಕಳುಹಿಸುವ ಸೌಲಭ್ಯ ಚಾಲ್ತಿಯಲ್ಲಿಲ್ಲದಿದ್ದರೆ ನೋಂದಣಿ ಕೈಗೂಡುವುದಿಲ್ಲ. ಫೋನೇ ಕೆಟ್ಟಿದೆ ಎಂದು ಭಾವಿಸಿ ಅಂಗಡಿಗೆ ಹಿಂದಿರುಗುವ ಮೊದಲು ಇದನ್ನು ಪರಿಶೀಲಿಸಬೇಕು.

ಹಳೆಯ ಫೋನನ್ನು ವಿನಿಮಯಕ್ಕೆ ಕೊಡುವ ಅವಸರವೂ ಬೇಡ. ವಾಟ್ಸ್‌ಆ್ಯಪ್ ಸಂದೇಶ, ಚಿತ್ರ, ಸಂಪರ್ಕ ಸಂಖ್ಯೆಗಳು ಹೊಸತಕ್ಕೆ ಬಂದಿವೆ ಎಂದು ಖಚಿತವಾದ ಮೇಲೆ, ಗೂಗಲ್ ಖಾತೆಯನ್ನು ತೆಗೆದು, ಫೋನನ್ನು ಮೂಲ ಸ್ಥಿತಿಗೆ ತಂದು ಕೊಡಬೇಕು. ಮನೆಯಲ್ಲೇ ಅಮ್ಮನಿಗೋ ಅಜ್ಜನಿಗೋ ಉಳಿಸುವುದಾದರೂ ಬ್ಯಾಂಕಿನ ಆ್ಯಪ್‌ಗಳನ್ನು ಅಳಿಸುವುದು ಒಳ್ಳೆಯದು.

ತೊಂದರೆಯಾದರೆ

ಹೊಸ ಫೋನಿಗೆ ಸಾಮಾನ್ಯವಾಗಿ ಒಂದು ವರ್ಷ, ಪೆಟ್ಟಿಗೆಯೊಳಗಿನ ಚಾರ್ಜರ್‌ಗೆ ಆರು ತಿಂಗಳು ವಾರಂಟಿ ಇರುತ್ತದೆ. ಕಂಪೆನಿ ಅಥವಾ ಅಂಗಡಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಯಾದ ಮೇಲೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ನೀಡಬಹುದು. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಮಟಕಿಯ ಗ್ರಾಹಕ ಆನ್‌ಲೈನ್‌ನಲ್ಲಿ ತರಿಸಿದ ಫೋನಿಗಾಗಿ ಮಾರಾಟಗಾರನ ಊರಿಗೆ ಅಲೆಯಬೇಕಿಲ್ಲ.

ಫೋನು ಕಳೆದುಹೋದರೆ ಪೊಲೀಸರಿಗೆ ದೂರು ಕೊಟ್ಟು, 2023ರ ಮೇ ತಿಂಗಳಲ್ಲಿ ಆರಂಭವಾದ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ ಸಂಖ್ಯೆ ನೀಡಿ ಅದನ್ನು ದೇಶದಾದ್ಯಂತ ನಿರ್ಬಂಧಿಸಬಹುದು. ಬಿಲ್ ಜೋಪಾನವಾಗಿಡುವುದು ಇದಕ್ಕಾಗಿಯೂ ಅಗತ್ಯ. ಹಣ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕೊನೆಗೂ ಯಾವುದು?

ಗಾಜಿನ ಕಟ್ಟೆಯ ಮೇಲಿನ ಎರಡು ಪೆಟ್ಟಿಗೆಗಳ ಬಳಿಗೆ ಮರಳಿದರೆ ಆಯ್ಕೆಯ ಕ್ರಮ ಸರಳ. ಊರಿನಲ್ಲಿ ಸಿಗುವ ಸಿಗ್ನಲ್‌ನ ತರಂಗಾಂತರ ಯಾವುದರಲ್ಲಿ ಇಲ್ಲವೋ ಅದನ್ನು ಮೊದಲು ಬದಿಗಿಡಬೇಕು. ಉಳಿದವುಗಳಲ್ಲಿ ನಿಜವಾದ ರ‍್ಯಾಮ್ ಮತ್ತು ಯುಎಫ್‌ಎಸ್ ಸಂಗ್ರಹ ಇರುವುದಕ್ಕೆ ಆದ್ಯತೆ. ಅದೂ ಸಮವಾದರೆ ಹೆಚ್ಚು ವರ್ಷದ ಪರಿಷ್ಕರಣೆ, ಬಳಿಕ ಹತ್ತಿರದ ಸೇವಾ ಕೇಂದ್ರ, ಬಳಿಕ ದೊಡ್ಡ ಬ್ಯಾಟರಿ. ಇವೆಲ್ಲವೂ ಸಮವಾದರೆ ಅವು ನಿಜವಾದ ಅವಳಿಗಳು. ಮಗಳು ಮೆಚ್ಚಿದ ಬಣ್ಣವನ್ನು ನೆಮ್ಮದಿಯಿಂದ ಕೊಳ್ಳಬಹುದು.

ಕೊಂಡ ಮೇಲೆ ಇನ್ನೊಂದರ ಬೆಲೆ ಇಳಿಯಿತೇ ಎಂದು ನೋಡುತ್ತ ಕೂರುವುದರಿಂದ ಲಾಭವಿಲ್ಲ. ಮುಂದಿನ ಮುಂಗಾರಿನಲ್ಲಿ ಹೊಲದ ಬದುವಿನ ಮೇಲೆ ನಿಂತಾಗ ಪರದೆ ಬಿಸಿಲಿನಲ್ಲಿ ಕಂಡು, ಚುಕ್ಕೆ ಸರಿಯಾದ ಸರ್ವೆ ನಂಬರಿನ ಮೇಲೆ ನಿಂತು, ತೊಗರಿಯ ಚಿತ್ರ ಒಂದೇ ಸಲಕ್ಕೆ ರವಾನೆಯಾದರೆ ಆಯ್ಕೆ ಸರಿಯಾಗಿತ್ತು ಎಂದೇ ಅರ್ಥ.